ಮಗನ ಡೈರಿಯಲ್ಲಿ ‘ಟ್ರಬಲ್‌ಸಮ್’ ಅಂತ ಬರೆದಿದ್ದಾರೆ, ಸರಿಯಾದ ಅರ್ಥ ಏನು?

ಅರಸೀಕೆರೆ, ಮೋಟರ್ ವೈಂಡಿಂಗ್ ಅಂಗಡಿ

ಎಲ್ಲರಿಗೂ ನಮಸ್ಕಾರ. ನಾನು ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂನಲ್ಲಿ ಓದಿದವನು. ಪಂಪ್‌ಸೆಟ್ ಮೋಟರ್ ವೈಂಡಿಂಗ್ ಮಾಡುತ್ತೇನೆ. ಮಗ ಈಗ ನಾಲ್ಕನೇ ಕ್ಲಾಸು, ಇಂಗ್ಲಿಷ್ ಮೀಡಿಯಂ. ಸೋಮವಾರ ಅವನ ಡೈರಿಯಲ್ಲಿ ಮಿಸ್ ಕೆಂಪು ಇಂಕಿನಲ್ಲಿ ಒಂದು ಸಾಲು ಬರೆದು ಕಳಿಸಿದ್ದರು. ‘ಹಿ ಈಸ್ ವೆರಿ ಟ್ರಬಲ್‌ಸಮ್ ಇನ್ ಕ್ಲಾಸ್.’ ಕೆಳಗೆ ನಮ್ಮ ಸಹಿಗೆ ಗೆರೆ.

ಟ್ರಬಲ್ ಅನ್ನೋದು ನನಗೆ ಹೊಸ ಪದ ಅಲ್ಲ. ದಿನಕ್ಕೆ ಇಪ್ಪತ್ತು ಸಲ ಕೇಳುತ್ತೇನೆ. ‘ಅಣ್ಣ, ಮೋಟರ್ ಟ್ರಬಲ್ ಕೊಡ್ತಾ ಇದೆ’ ಅಂತಲೇ ರೈತರು ಅಂಗಡಿಗೆ ಬರೋದು. ಹಾಗಂದರೆ ಒಳಗೆ ಏನೋ ಆಗಿದೆ ಅಂತ ಅರ್ಥ. ಬೇರಿಂಗ್ ಹೋಗಿರಬಹುದು. ಒಂದು ಫೇಸ್ ಇಲ್ಲದೆ ಗುಂಯ್ ಅಂತ ಓಡಿ ಕಾಯಿಲ್ ಸುಟ್ಟಿರಬಹುದು. ಮೋಟರನ್ನು ಯಾರೂ ಬೈಯೋದಿಲ್ಲ, ಬಿಚ್ಚಿ ನೋಡುತ್ತಾರೆ. ಹಾಗಾಗಿ ಮಗನಿಗೆ ಏನೋ ತೊಂದರೆ ಆಗಿದೆ, ಮಿಸ್ ಅದನ್ನೇ ತಿಳಿಸಿದ್ದಾರೆ ಅಂದುಕೊಂಡೆ. ರಾತ್ರಿ ಊಟ ಆದಮೇಲೆ ಪಕ್ಕದಲ್ಲಿ ಕೂರಿಸಿಕೊಂಡು ‘ಏನಾಯ್ತು ಪುಟ್ಟ, ಯಾರಾದ್ರೂ ಹೊಡೆದ್ರಾ?’ ಅಂತ ಕೇಳಿದೆ. ಅವನು ಸುಮ್ನೆ ನೆಲ ನೋಡುತ್ತಾ ಕೂತ.

ಮಾರನೇ ದಿನ ಅಂಗಡಿಗೆ ಬಂದ ಒಬ್ಬ ಡಿಗ್ರಿ ಹುಡುಗನಿಗೆ ಡೈರಿ ತೋರಿಸಿದೆ. ‘ಅಣ್ಣ, ಅದು ಹಾಗಲ್ಲ. ನಿಮ್ಮ ಮಗ ಕ್ಲಾಸಲ್ಲಿ ಕಾಟ ಕೊಡ್ತಾನೆ ಅಂತ’ ಅಂದ. ಮನಸ್ಸಿಗೆ ಒಂಥರಾ ಆಯಿತು. ಟ್ರಬಲ್ ಅಂದರೆ ತೊಂದರೆ, ಸರಿ. ಆದರೆ ತೊಂದರೆ ಆಗಿರೋದು ಯಾರಿಗೆ, ಕೊಡುತ್ತಿರೋದು ಯಾರು ಅನ್ನೋದು ಈ ಪದದಲ್ಲಿ ಹೇಗೆ ಗೊತ್ತಾಗುತ್ತೆ? ಮಿಸ್‌ಗೆ ಉತ್ತರ ಬರೆಯಬೇಕು. ತಿಳಿದವರು ದಯವಿಟ್ಟು ಹೇಳಿ.

ಶಿವಮೊಗ್ಗ, ನಿವೃತ್ತ ಇಂಗ್ಲಿಷ್ ಮೇಷ್ಟ್ರು

ನಿಮ್ಮ ಪ್ರಶ್ನೆ ಓದಿ ಖುಷಿಯಾಯಿತು. ಇಡೀ ಪದದ ಗಂಟು ಅಲ್ಲೇ ಇದೆ. ತೊಂದರೆ ಯಾರಿಗೆ, ಯಾರಿಂದ?

ಟ್ರಬಲ್‌ಸಮ್ ಅಂದರೆ ಬೇರೆಯವರಿಗೆ ತೊಂದರೆ ಕೊಡುವಂಥದ್ದು. ಬಿಡದ ಕೆಮ್ಮಿಗೆ ಹೇಳಬಹುದು, ನೋಯುವ ಹಲ್ಲಿಗೆ ಹೇಳಬಹುದು, ರಾತ್ರಿಯಿಡೀ ಬೊಗಳುವ ನಾಯಿಗೆ ಹೇಳಬಹುದು. ಆ ಹುಡುಗ ಹೇಳಿದ ಅರ್ಥ ಸರಿ. ಟ್ರಬಲ್ಡ್ ಅಂದರೆ ಬೇರೆ. ತನ್ನ ಒಳಗೇ ತೊಂದರೆ ಇಟ್ಟುಕೊಂಡವನು, ಮನಸ್ಸು ಕದಡಿದವನು. ನೀವು ಮೊದಲು ಅಂದುಕೊಂಡ ಅರ್ಥ ಇದು. ಇನ್ನು ಟ್ರಬ್ಲಿಂಗ್ ಅಂದರೆ ಕೇಳಿದವರಿಗೆ ಕಳವಳ ತರುವಂಥದ್ದು. ಕೆಟ್ಟ ಸುದ್ದಿಗೆ ಆ ಮಾತು ಹೊಂದುತ್ತದೆ.

ಪದದ ಬಾಲ ಬದಲಾದರೆ ಮಗುವಿನ ಮೇಲೆ ಬೀಳುವ ಕಣ್ಣೇ ಬದಲಾಗುತ್ತದೆ. ಒಂದು ಪದ ಓದಿದರೆ ಗದರಬೇಕು ಅನಿಸುತ್ತದೆ, ಇನ್ನೊಂದು ಓದಿದರೆ ಹತ್ತಿರ ಕರೆಯಬೇಕು ಅನಿಸುತ್ತದೆ. ನಾನೂ ಮೂವತ್ತು ವರ್ಷ ಮಕ್ಕಳ ಬಗ್ಗೆ ಷರಾ ಬರೆದವನು. ಆ ಕೆಂಪು ಇಂಕಿನ ಸಾಲು ಬರೆಯುವ ಮುಂಚೆ ಮೇಷ್ಟ್ರು ಎರಡು ಸಲ ಯೋಚಿಸಬೇಕು ಅಂತ ನನಗೆ ಗಟ್ಟಿಯಾಗಿ ಅನಿಸುತ್ತದೆ.

ಇನ್ನು ಟ್ರಬಲ್ ಪದಕ್ಕೇ ಬನ್ನಿ. ಅದರ ಮುಂದೆ ಹಿಂದೆ ಏನು ಬರುತ್ತದೆ ಅನ್ನೋದರ ಮೇಲೆ ಅರ್ಥ ನಿಂತಿದೆ. ‘ಹಿ ಈಸ್ ಇನ್ ಟ್ರಬಲ್’ ಅಂದರೆ ಸಿಕ್ಕಿಹಾಕಿಕೊಂಡಿದ್ದಾನೆ, ಬೈಗುಳವೋ ಶಿಕ್ಷೆಯೋ ಕಾದಿದೆ. ಅದರಲ್ಲಿ ‘ಇನ್’ ತೆಗೆದು ‘ಹಿ ಈಸ್ ಟ್ರಬಲ್’ ಅಂದರೆ ಅವನ ಸಹವಾಸವೇ ಬೇಡ ಅಂತ. ಎರಡಕ್ಷರ ಬಿದ್ದುಹೋದರೆ ಪಾಪದವನು ಪೋಕರಿ ಆಗಿಬಿಡುತ್ತಾನೆ. ನಾವು ಈ ಕೆಲಸವನ್ನು ವಿಭಕ್ತಿಯಿಂದ ಮಾಡುತ್ತೇವೆ. ‘ಅವನಿಗೆ ತೊಂದರೆ’, ‘ಅವನಿಂದ ತೊಂದರೆ’. ನಮ್ಮಲ್ಲಿ ಗೊಂದಲವೇ ಇಲ್ಲ, ಅಲ್ವಾ?

ಇನ್ನೆರಡು ತಪ್ಪು ನಮ್ಮ ಮಕ್ಕಳು ಮಾಡೇ ಮಾಡುತ್ತಾರೆ. ‘ಐ ಹ್ಯಾವ್ ಟ್ರಬಲ್ ಟು ಸ್ಲೀಪ್’ ಅಂತ ಬರೆಯುತ್ತಾರೆ. ‘ಟ್ರಬಲ್ ಸ್ಲೀಪಿಂಗ್’ ಅನ್ನಬೇಕು. ‘ಹ್ಯಾವ್ ಟ್ರಬಲ್’ ಆದಮೇಲೆ ಬರುವ ಕ್ರಿಯಾಪದಕ್ಕೆ ‘ಇಂಗ್’ ಸೇರಿಸಿ, ಆಯಿತು. ಎರಡನೆಯದು, ‘ಎ ಟ್ರಬಲ್’ ಅನ್ನೋದು. ಹಿಟ್ಟನ್ನು ಒಂದು ಹಿಟ್ಟು, ಎರಡು ಹಿಟ್ಟು ಅಂತ ಎಣಿಸುವುದಿಲ್ಲ ತಾನೆ? ಟ್ರಬಲ್ ಕೂಡ ಹಾಗೆ. ಎಣಿಸಬೇಕಾದರೆ ಪ್ರಾಬ್ಲಂ ಅನ್ನಿ. ಆದರೆ ಒಬ್ಬರು ತಮ್ಮ ಕಷ್ಟಗಳನ್ನೆಲ್ಲ ಹೇಳಿಕೊಳ್ಳುವಾಗ ‘ಟ್ರಬಲ್ಸ್’ ಅಂತ ಬಹುವಚನ ಬರುತ್ತದೆ. ನಮ್ಮ ಕಷ್ಟಸುಖ ಮಾತಾಡೋದರಲ್ಲಿ ಇರುವ ಕಷ್ಟ ಅದು.

ಧಾರವಾಡ, ಗೃಹಿಣಿ

ಸರ್ ಹೇಳಿದ್ದು ಛಲೋ ಇದೆ. ನಮ್ಮ ಕಡೆ ತೊಂದರೆ ಅನ್ನೋ ಪದ ಪೇಪರಿನಲ್ಲಿ ಬರುತ್ತದೆ, ಬಾಯಲ್ಲಿ ಬರೋದು ತ್ರಾಸ. ನಾವು ಚಹಾ ಮಾಡಲು ಎದ್ದರೆ ಮನೆಗೆ ಬಂದವರು ‘ಸುಮ್ನ ತ್ರಾಸ ತಗೋಬ್ಯಾಡ್ರಿ’ ಅನ್ನುತ್ತಾರೆ. ಬಿಸಿಲಿನಲ್ಲಿ ನಡೆದು ಬಂದರೆ ‘ಭಾಳ ತ್ರಾಸ ಆತು’. ಹುಡುಗ ಹಟ ಮಾಡಿದರೆ ‘ತ್ರಾಸ ಕೊಡಬ್ಯಾಡ’. ತಗೊಳ್ಳೋದು, ಆಗೋದು, ಕೊಡೋದು, ಮೂರೂ ಇವೆ.

ಮದುವೆಯಾದ ಮೇಲೆ ನಾನು ಇಂಗ್ಲಿಷ್ ಕಲಿತೆ. ಟ್ರಬಲ್ ಬಂದ ಕಡೆಯಲ್ಲೆಲ್ಲ ಮನಸ್ಸಿನಲ್ಲಿ ತ್ರಾಸ ಇಟ್ಟು ನೋಡುತ್ತಿದ್ದೆ, ಹತ್ತರಲ್ಲಿ ಎಂಟು ಸಲ ಸರಿಯಾಗಿ ಕೂರುತ್ತಿತ್ತು. ‘ಡೋಂಟ್ ಟೇಕ್ ದಿ ಟ್ರಬಲ್’ ಅನ್ನೋದು ನಮ್ಮ ‘ತ್ರಾಸ ತಗೋಬ್ಯಾಡ್ರಿ’ಯೇ. ಮರಾಠಿಯಲ್ಲೂ ತ್ರಾಸ ಅಂದರೆ ಇದೇ ಅರ್ಥ. ಸಂಸ್ಕೃತದಲ್ಲಿ ಮಾತ್ರ ತ್ರಾಸ ಅಂದರೆ ಭಯ. ಭಯ ಇದ್ದದ್ದು ನಮ್ಮಲ್ಲಿಗೆ ಬರುವಷ್ಟರಲ್ಲಿ ದಣಿವು, ಕಿರಿಕಿರಿ ಎಲ್ಲ ಆಗಿದೆ.

ಅಣ್ಣಾರ, ಹುಡುಗನಿಗೆ ಬೈಬೇಡಿ. ಮೊದಲು ಕೇಳಿ.

ಬಳ್ಳಾರಿ, ಬಟ್ಟೆ ಅಂಗಡಿ

ತೊಂದರೆ ಪದದ ಬಗ್ಗೆ ಒಂದು ಮಾತು. ನಮ್ಮ ಅಂಗಡಿಗೆ ತೆಲುಗಿನವರು ಜಾಸ್ತಿ. ಅವರು ‘ತೊಂದರಗಾ’ ಅಂದರೆ ಬೇಗ ಅಂತ ಅರ್ಥ. ತಮಿಳಿನ ‘ತೊಂದರವು’ ಮಾತ್ರ ನಮ್ಮ ತೊಂದರೆಯೇ. ಒಂದೇ ಥರ ಕೇಳಿಸುವ ಪದ ಗಡಿ ದಾಟಿದರೆ ಅವಸರ ಆಗುತ್ತದೆ. ಹೊಸದಾಗಿ ಕೆಲಸಕ್ಕೆ ಸೇರಿದ ಹಾಸನದ ಹುಡುಗ ‘ತೊಂದರಗಾ ಇವ್ವಂಡಿ’ ಅನ್ನೋದು ಕೇಳಿ, ಗಿರಾಕಿಗೆ ಏನೋ ತೊಂದರೆ ಆಗಿದೆ ಅಂತ ಓಡಿ ನೀರು ತಂದಿದ್ದ. ಆ ಅಮ್ಮ ನೀರು ಕುಡಿದು ಅವನ ತಲೆ ಸವರಿ ಹೋದರು.

ದಾವಣಗೆರೆ, ವೈದ್ಯೆ

ಟ್ರಬಲ್ ಪದದ ಬಗ್ಗೆ ನಾನು ಹೇಳಲೇಬೇಕಾದ್ದು ಒಂದಿದೆ. ಗ್ಯಾಸ್ ಟ್ರಬಲ್.

ನಮ್ಮ ಜನ ಇದನ್ನು ಒಂದೇ ಪದವಾಗಿ ‘ಗ್ಯಾಸ್ಟ್ರಬಲ್’ ಅನ್ನುತ್ತಾರೆ. ಹೊಟ್ಟೆ ಉಬ್ಬರಕ್ಕೆ, ಹುಳಿತೇಗಿಗೆ, ಎದೆ ಉರಿಗೆ, ಬೆನ್ನು ಹಿಡಿದುಕೊಂಡರೆ, ತಲೆ ತಿರುಗಿದರೆ ಕೂಡ ಗ್ಯಾಸ್ಟ್ರಬಲ್. ಇಂಗ್ಲೆಂಡಿನಲ್ಲೋ ಅಮೆರಿಕದಲ್ಲೋ ಡಾಕ್ಟರ ಮುಂದೆ ಹೀಗಂದರೆ ಅವರಿಗೆ ಮನೆಯ ಗ್ಯಾಸ್ ಒಲೆ ನೆನಪಾದರೂ ಆಶ್ಚರ್ಯವಿಲ್ಲ. ಅಲ್ಲಿ ಬ್ಲೋಟಿಂಗ್, ಇಂಡೈಜೆಷನ್, ಹಾರ್ಟ್‌ಬರ್ನ್ ಅಂತ ಬಿಡಿಸಿ ಹೇಳಬೇಕು. ಮಕ್ಕಳ ಮನೆಗೆ ಅಂತ ಹೊರಟ ಅಪ್ಪ ಅಮ್ಮಂದಿರಿಗೆ ನಾನು ಇದನ್ನು ಚೀಟಿಯಲ್ಲಿ ಬರೆದುಕೊಡುತ್ತೇನೆ.

ಆದರೆ ನನ್ನ ಚಿಂತೆ ಭಾಷೆಯದ್ದಲ್ಲ. ಕಳೆದ ವರ್ಷ ಒಬ್ಬ ಹಿರಿಯರು ಬಂದರು. ಬಿಳಿ ಪಂಚೆ, ಅಂಗಿ ಬೆನ್ನಿಗೆ ಅಂಟಿಕೊಳ್ಳುವಷ್ಟು ಬೆವರು. ಅಂಗೈಯನ್ನು ಎದೆಯ ನಡುವೆ ಒತ್ತಿಕೊಂಡೇ ‘ಗ್ಯಾಸ್ಟ್ರಬಲ್ ಅಷ್ಟೇ ಅಮ್ಮ, ಒಂದು ಮಾತ್ರೆ ಕೊಡು’ ಅಂದರು. ಬೆಳಗಿನಿಂದ ಎರಡು ಸಲ ಸೋಡಾ ಕುಡಿದಿದ್ದರಂತೆ. ಇಸಿಜಿ ಮಾಡಿದರೆ ಹಾರ್ಟ್ ಅಟ್ಯಾಕ್. ಅವರು ಉಳಿದರು. ಎಲ್ಲರೂ ಉಳಿಯುವುದಿಲ್ಲ.

ಎದೆಯ ಮೇಲೆ ಭಾರ ಇಟ್ಟ ಹಾಗೆ ಅನಿಸಿದರೆ, ನೋವು ಎಡಗೈಗೋ ದವಡೆಗೋ ಹರಿದರೆ, ತಣ್ಣನೆ ಬೆವರು ಬಂದರೆ, ಉಸಿರು ಸಾಲದಿದ್ದರೆ ಅದಕ್ಕೆ ನೀವೇ ಹೆಸರಿಡಬೇಡಿ. ತಕ್ಷಣ 108ಕ್ಕೆ ಫೋನ್ ಮಾಡಿ. ಸಕ್ಕರೆ ಕಾಯಿಲೆ ಇರುವವರಿಗೆ ನೋವು ಗೊತ್ತಾಗದೆಯೂ ಇರಬಹುದು. ಟ್ರಬಲ್ ಅನ್ನೋದು ಸಣ್ಣದಾಗಿ ಕೇಳಿಸುವ ಪದ. ಅದಕ್ಕೇ ದೊಡ್ಡ ಕಾಯಿಲೆ ಅದರ ಹಿಂದೆ ಅಡಗಿ ಕೂರುತ್ತದೆ.

ಬೆಂಗಳೂರು, ಸಾಫ್ಟ್‌ವೇರ್ ಸಪೋರ್ಟ್

ನಮ್ಮ ಕೆಲಸದ ಹೆಸರೇ ಟ್ರಬಲ್‌ಶೂಟಿಂಗ್. ಈ ಪದ ಕಂಪ್ಯೂಟರಿನದ್ದಲ್ಲ. ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಟೆಲಿಗ್ರಾಫ್, ಟೆಲಿಫೋನ್ ತಂತಿ ಎಲ್ಲಿ ಕೆಟ್ಟಿದೆ ಅಂತ ಹುಡುಕಿ ಸರಿಮಾಡುವವರನ್ನು ಟ್ರಬಲ್‌ಶೂಟರ್ ಅನ್ನುತ್ತಿದ್ದರು. ನಮ್ಮ ಲೈನ್‌ಮ್ಯಾನ್ ಇದ್ದ ಹಾಗೆ. ಮೋಟರ್ ಅಣ್ಣ, ಆ ಲೆಕ್ಕದಲ್ಲಿ ನೀವು ನಮಗಿಂತ ಹಳಬರು.

ಗಿರಾಕಿಗಳಿಗೆ ಬರೆಯುವಾಗ ಇದನ್ನು ನೆನಪಿಡಿ. ‘ಸಾರಿ ಫಾರ್ ದಿ ಟ್ರಬಲ್’ ಅಂದರೆ ನಮ್ಮಿಂದ ನಿಮಗೆ ತೊಂದರೆಯಾಯಿತು ಅಂತ. ‘ಥ್ಯಾಂಕ್ಸ್ ಫಾರ್ ಟೇಕಿಂಗ್ ದಿ ಟ್ರಬಲ್’ ಅಂದರೆ ನೀವು ಶ್ರಮ ತೆಗೆದುಕೊಂಡಿರಿ, ಉಪಕಾರ ಅಂತ. ನಮ್ಮ ಟೀಮಿನ ಹೊಸಬರೊಬ್ಬರು ಎರಡನ್ನೂ ಬೆರೆಸಿ ‘ಥ್ಯಾಂಕ್ಸ್ ಫಾರ್ ದಿ ಟ್ರಬಲ್’ ಅಂತ ಕಳಿಸಿದ್ದರು. ಸಹಾಯ ಮಾಡಿದ ಗಿರಾಕಿಗೆ, ತೊಂದರೆ ಕೊಟ್ಟಿದ್ದಕ್ಕೆ ಕುಟುಕಿದ ಹಾಗೆ ಕೇಳಿಸಿ ನೊಂದುಕೊಂಡರು.

ಮೈಸೂರು, ಕನ್ನಡ ಉಪನ್ಯಾಸಕ

ಮೇಷ್ಟ್ರು ಟ್ರಬಲ್ಡ್ ಪದಕ್ಕೆ ‘ಮನಸ್ಸು ಕದಡಿದವನು’ ಅಂದರಲ್ಲ, ಅದಕ್ಕಿಂತ ಹತ್ತಿರದ ಕನ್ನಡ ಸಿಗೋದಿಲ್ಲ. ಟ್ರಬಲ್ ಇಂಗ್ಲಿಷಿಗೆ ಬಂದಿದ್ದು ಹಳೆಯ ಫ್ರೆಂಚಿನಿಂದ. ಅದರ ಬೇರು ಲ್ಯಾಟಿನ್ನಿನ ‘ತುರ್ಬಿದುಸ್’. ಅಂದರೆ ಕದಡಿದ, ಬಗ್ಗಡವಾದ. ಡಿಸ್ಟರ್ಬ್, ಟರ್ಬ್ಯುಲೆನ್ಸ್ ಎಲ್ಲ ಅದೇ ಮನೆಯ ಮಕ್ಕಳು.

ನಮ್ಮೂರಿನ ಕೆರೆಯಲ್ಲಿ ಎಮ್ಮೆ ಇಳಿದರೆ ಏನಾಗುತ್ತದೆ ನೋಡಿ. ತಿಳಿಯಾಗಿದ್ದ ನೀರಿನ ತಳದಿಂದ ಕೆಸರು ಮೇಲೆದ್ದು ಏನೂ ಕಾಣದ ಹಾಗಾಗುತ್ತದೆ. ಕೆಸರು ಹೊಸದಾಗಿ ಬಂದದ್ದಲ್ಲ, ತಳದಲ್ಲೇ ಇತ್ತು. ಯಾರೋ ಕಲಕಿದರು. ಟ್ರಬಲ್ ಅಂದರೆ ಮೂಲದಲ್ಲಿ ಅಷ್ಟೇ, ಕಲಕುವುದು. ಮನೆಗೆ ಜಗಳ ತಂದವರನ್ನು ‘ಕಲಕಿ ಹೋದ’ ಅನ್ನುತ್ತೇವೆ, ಸಮಾಧಾನ ಆದರೆ ‘ಮನಸ್ಸು ತಿಳಿಯಾಯ್ತು’ ಅನ್ನುತ್ತೇವೆ. ರೋಮಿನವರೂ ನಾವೂ ಒಂದೇ ಕೆರೆಯ ದಂಡೆಯಲ್ಲಿ ಕೂತು ಮಾತು ಕಟ್ಟಿದ ಹಾಗಿದೆ.

‘ಆಸ್ಕಿಂಗ್ ಫಾರ್ ಟ್ರಬಲ್’ ಅನ್ನೋದಕ್ಕೆ ನಮ್ಮಲ್ಲಿ ಸಿದ್ಧ ಮಾತೇ ಇದೆ. ಬೀದೀಲಿ ಹೋಗೋ ಮಾರೀನ ಮನೆಗೆ ಕರೆದ ಹಾಗೆ.

ಚಿತ್ರದುರ್ಗ, ಇತಿಹಾಸ ಓದಿದವನು

ಎಲ್ಲರೂ ಒಳ್ಳೆಯ ಮಾತು ಹೇಳಿದ್ದೀರಿ. ಒಂದು ವಿಷಯದಲ್ಲಿ ಮಾತ್ರ ನನ್ನ ತಕರಾರಿದೆ. ಮೇಷ್ಟ್ರು ಟ್ರಬಲ್ಸ್ ಅಂದರೆ ಕಷ್ಟ ಅಂದರು. ಕಷ್ಟ ಅನ್ನೋದು ತುಂಬ ದೊಡ್ಡ ಪದ ಸರ್.

ನಮ್ಮ ಕಡೆ ಹಳಬರು ಧಾತು ಈಶ್ವರ ಸಂವತ್ಸರದ ಬರ ಅನ್ನುತ್ತಿದ್ದರು. 1876ರಿಂದ 78ರವರೆಗಿನದ್ದು. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರಲ್ಲಿ 50 ಲಕ್ಷ ದಾಟಿತ್ತು. ಹತ್ತು ವರ್ಷದ ಮೇಲೆ ಎಣಿಸಿದಾಗ 42 ಲಕ್ಷ ಕೂಡ ಇರಲಿಲ್ಲ. ಜನ ಕತ್ತಾಳೆಯ ಗಡ್ಡೆ, ಹುಲ್ಲಿನ ಬೀಜ ಬೇಯಿಸಿ ತಿಂದ ಕಥೆ ನನ್ನ ಅಜ್ಜಿ ಅವರ ಅಜ್ಜಿಯಿಂದ ಕೇಳಿ ಹೇಳುತ್ತಿದ್ದರು. ಹೇಳುವಾಗ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದ ಕೈ ನಿಲ್ಲುತ್ತಿತ್ತು. ಇದಕ್ಕೆ ಟ್ರಬಲ್ ಅಂದರೆ ಸಾಕಾಗುತ್ತಾ? ಹಾರ್ಡ್‌ಶಿಪ್ ಅನ್ನಬೇಕು. ಅದೂ ಸಾಲದು. ನಮ್ಮ ಬವಣೆ ಅನ್ನೋ ಪದ ಅದಕ್ಕೆ ಸರಿ.

ಹಾರ್ಡ್‌ಶಿಪ್‌ನ ‘ಶಿಪ್’ ಹಡಗಲ್ಲ ಅನ್ನೋದನ್ನೂ ಹೇಳಿಬಿಡುತ್ತೇನೆ, ಮಕ್ಕಳು ಕೇಳುತ್ತಾರೆ. ಫ್ರೆಂಡ್‌ಶಿಪ್‌ನಲ್ಲಿ ಇರುವಂಥದ್ದೇ ಅದು, ಒಂದು ಸ್ಥಿತಿಯನ್ನು ಹೇಳುವ ಪ್ರತ್ಯಯ. ಟ್ರಬಲ್ ಬರುತ್ತದೆ, ಹೋಗುತ್ತದೆ. ಹಾರ್ಡ್‌ಶಿಪ್ ಒಳಗೆ ಮನುಷ್ಯ ಬಾಳುತ್ತಾನೆ.

ಮಡಿಕೇರಿ, ಮಾಜಿ ಸೈನಿಕ

ಚಿತ್ರದುರ್ಗದವರ ಮಾತು ನಿಜ. ಸೇನೆಯಲ್ಲಿ ಈ ಪದ ಸಂಬಳದ ಲೆಕ್ಕದಲ್ಲೇ ಇದೆ. ರಿಸ್ಕ್ ಅಂಡ್ ಹಾರ್ಡ್‌ಶಿಪ್ ಅಲೋವನ್ಸ್. ಅದರ ತುತ್ತತುದಿಯಲ್ಲಿ ಸಿಯಾಚಿನ್. ಏಳನೇ ವೇತನ ಆಯೋಗದ ನಂತರ 2017ರಲ್ಲಿ ಅಲ್ಲಿ ಜವಾನರಿಗೆ ತಿಂಗಳಿಗೆ 30,000, ಅಧಿಕಾರಿಗಳಿಗೆ 42,500 ರೂಪಾಯಿ ಆಯಿತು. ಟ್ರಬಲ್ ಅಲೋವನ್ಸ್ ಅಂತ ಯಾರೂ ಅನ್ನೋದಿಲ್ಲ. ಬಂದೂಕಿನ ಕಬ್ಬಿಣಕ್ಕೆ ಬರಿಗೈ ತಾಗಿದರೆ ಚರ್ಮ ಅಂಟಿಕೊಳ್ಳುವ ಜಾಗ ಅದು.

ಬೆಲ್‌ಫಾಸ್ಟ್, ನರ್ಸ್ (ಮೂಲ ಪುತ್ತೂರು)

ಚಿತ್ರದುರ್ಗದ ಅಣ್ಣ, ನಿಮ್ಮ ಮಾತು ಒಪ್ಪುತ್ತೇನೆ. ಆದರೆ ನಾನಿರುವ ಊರಿನ ಕಥೆ ಸ್ವಲ್ಪ ಬೇರೆ ಮಾರಾಯ್ರೆ.

ಉತ್ತರ ಐರ್ಲೆಂಡಿನಲ್ಲಿ 1960ರ ದಶಕದ ಕೊನೆಯಿಂದ 1998ರ ಗುಡ್ ಫ್ರೈಡೇ ಶಾಂತಿ ಒಪ್ಪಂದದವರೆಗೆ, ಬ್ರಿಟನ್ ಜೊತೆಗೇ ಇರಬೇಕು ಅನ್ನುವವರಿಗೂ ಐರ್ಲೆಂಡಿಗೆ ಸೇರಬೇಕು ಅನ್ನುವವರಿಗೂ ನಡುವೆ ಬಾಂಬು, ಗುಂಡು, ಬೀದಿ ಕಾಳಗ ನಡೆಯಿತು. 3,500ಕ್ಕೂ ಹೆಚ್ಚು ಜನ ಸತ್ತರು. ಅದಕ್ಕೆ ಇಲ್ಲಿಯ ಹೆಸರು ‘ದಿ ಟ್ರಬಲ್ಸ್’. ಅಷ್ಟೇ. ಮೊದಲ ಸಲ ಒಬ್ಬರು ಅಜ್ಜಿ ‘ನನ್ನ ತಮ್ಮ ಟ್ರಬಲ್ಸ್‌ನಲ್ಲಿ ಹೋದ’ ಅಂದಾಗ ನಾನು ದುಡ್ಡಿನ ತೊಂದರೆಯೋ ಕುಡಿತವೋ ಅಂದುಕೊಂಡಿದ್ದೆ. ಅವರ ಮಂಚದ ಪಕ್ಕದ ಮೇಜಿನ ಮೇಲೆ ಶಾಲಾ ಯೂನಿಫಾರಂ ಹಾಕಿದ ಹುಡುಗನ ಒಂದು ಫೋಟೋ ಇತ್ತು. ಮೂಲೆ ಮಡಚಿತ್ತು. ಆಮೇಲೆ ಗೊತ್ತಾಯಿತು. ಎರಡು ಕಡೆಯವರ ಬೀದಿಗಳ ನಡುವೆ ಕಟ್ಟಿದ ಎತ್ತರದ ಗೋಡೆಗಳು ಈಗಲೂ ಇವೆ. ನಾನು ಕೆಲಸಕ್ಕೆ ಹೋಗುವ ಬಸ್ಸು ಒಂದು ಗೋಡೆಯ ಬದಿಯಲ್ಲೇ ಹೋಗುತ್ತದೆ.

ಅಷ್ಟು ದೊಡ್ಡ ದುಃಖಕ್ಕೆ ಇಷ್ಟು ಸಣ್ಣ ಪದ ಯಾಕೆ? ದೊಡ್ಡ ಪದ ಹಿಡಿದು ದಿನವೂ ಅಂಗಡಿಗೆ ಹಾಲು ತರಲು ಹೋಗಲಿಕ್ಕೆ ಆಗೋದಿಲ್ಲ, ಅದಕ್ಕೇ ಇರಬೇಕು ಅಂತ ನನಗೆ ಕಾಣುತ್ತದೆ.

ಇನ್ನೂ ಒಂದಿದೆ. ಇಲ್ಲಿ ಯಾರಾದರೂ ತೀರಿಕೊಂಡರೆ ಮನೆಯವರ ಕೈ ಹಿಡಿದು ‘ಸಾರಿ ಫಾರ್ ಯುವರ್ ಟ್ರಬಲ್’ ಅನ್ನುತ್ತಾರೆ. ಐರ್ಲೆಂಡಿನ ಎಲ್ಲ ಕಡೆ ಸಾವಿನ ಮನೆಯ ಮಾತು ಇದು. ಬೆಂಗಳೂರಿನವರು ಹೇಳಿದ ‘ಸಾರಿ ಫಾರ್ ದಿ ಟ್ರಬಲ್’ ಬೇರೆ, ಇದು ಬೇರೆ. ‘ದಿ’ ಬದಲು ‘ಯುವರ್’. ನಮ್ಮೂರಿನಲ್ಲಿ ಸಾವಿನ ಮನೆಗೆ ಹೋದರೆ ಮಾತೇ ಆಡುವುದಿಲ್ಲ, ಸುಮ್ಮನೆ ಕೂತು ಬರುತ್ತೇವೆ. ಇಲ್ಲಿ ಏನು ಹೇಳಬೇಕು ಅಂತ ಗೊತ್ತಾಗದೆ ನಾನು ಬಾಗಿಲ ಹತ್ತಿರ ನಿಲ್ಲುತ್ತಿದ್ದೆ. ಆ ಅಜ್ಜಿ ಹೋದ ರಾತ್ರಿ ಅವರ ಮಗಳಿಗೆ ಮೊದಲ ಸಲ ಈ ಮಾತು ಹೇಳಿದೆ. ಅವರು ನನ್ನ ಕೈ ಬಿಡಲೇ ಇಲ್ಲ.

ಶಿವಮೊಗ್ಗ, ನಿವೃತ್ತ ಇಂಗ್ಲಿಷ್ ಮೇಷ್ಟ್ರು

ತಂಗಿ, ಇಷ್ಟು ವರ್ಷ ಪಾಠ ಮಾಡಿದರೂ ಈ ಬಳಕೆ ನನಗೆ ಗೊತ್ತಿರಲಿಲ್ಲ. ಬರೆದುಕೊಂಡೆ. ಚಿತ್ರದುರ್ಗದವರಿಗೆ, ನಿಮ್ಮ ತಕರಾರು ನ್ಯಾಯವಾದದ್ದು. ಒಂದೊಂದು ಟ್ರಬಲ್‌ಗೆ ಕಷ್ಟ ಅನ್ನಬಾರದು, ತೊಂದರೆ ಅನ್ನಬೇಕು. ‘ಕಷ್ಟಪಟ್ಟು ಓದಿದ’ ಅನ್ನೋದನ್ನು ಮಕ್ಕಳು ‘ವಿತ್ ಟ್ರಬಲ್’ ಅಂತ ಬರೆಯೋದು ಇದೇ ಗೊಂದಲದಿಂದ. ಅಲ್ಲಿ ‘ಸ್ಟಡೀಡ್ ಹಾರ್ಡ್’ ಅನ್ನಬೇಕು.

ಅರಸೀಕೆರೆ, ಮೋಟರ್ ವೈಂಡಿಂಗ್ ಅಂಗಡಿ

ಎಲ್ಲರಿಗೂ ಕೈಮುಗಿಯುತ್ತೇನೆ. ಮೂರು ದಿನದಿಂದ ನಿಮ್ಮ ಮಾತೇ ತಲೆಯಲ್ಲಿದೆ.

ಧಾರವಾಡದ ಅಕ್ಕ ಹೇಳಿದ ಹಾಗೆ ಕೇಳಿದೆ. ಈ ಸಲ ‘ಯಾರು ಹೊಡೆದ್ರು’ ಅಂತ ಕೇಳಲಿಲ್ಲ, ‘ಕ್ಲಾಸಲ್ಲಿ ಏನ್ ಮಾಡ್ತೀಯ’ ಅಂತ ಕೇಳಿದೆ. ಎದ್ದು ಓಡಾಡುತ್ತಾನಂತೆ. ಪಕ್ಕದವನ ನೋಟ್ಸ್ ಎಳೆಯುತ್ತಾನಂತೆ. ಯಾಕೆ ಅಂದರೆ ‘ಬೋರ್ಡ್ ಮೇಲಿರೋದು ಗೊತ್ತಾಗಲ್ಲ ಅಪ್ಪ’ ಅಂದ. ಅಂಗಡಿಯ ಗೋಡೆಗೆ ಸೊಸೈಟಿಯವರು ಕೊಟ್ಟ ಕ್ಯಾಲೆಂಡರ್ ಇದೆ. ವೈಂಡಿಂಗ್ ಮೇಜಿನ ಹತ್ತಿರ ನಿಲ್ಲಿಸಿ ತಾರೀಕು ಓದು ಅಂದೆ. ಕಣ್ಣು ಕಿರಿದು ಮಾಡಿ, ಕತ್ತು ಮುಂದೆ ಚಾಚಿ, ಹದಿನೆಂಟನ್ನು ಹದಿಮೂರು ಅಂದ. ನಿನ್ನೆ ಕಣ್ಣಿನ ಡಾಕ್ಟರ ಹತ್ತಿರ ತೋರಿಸಿದೆ. ದೂರದ್ದು ಕಾಣುವುದಿಲ್ಲ, ಕನ್ನಡಕ ಬೇಕು ಅಂದರು. ಶನಿವಾರ ಸಿಗುತ್ತದೆ.

ಮಿಸ್ ಬರೆದದ್ದು ಸುಳ್ಳಲ್ಲ, ಅವನು ಕಾಟ ಕೊಟ್ಟಿದ್ದಾನೆ. ನಾನು ತಪ್ಪಾಗಿ ಓದಿದ್ದೂ ಪೂರ್ತಿ ಸುಳ್ಳಾಗಲಿಲ್ಲ. ಡೈರಿಗೆ ಇಷ್ಟು ಬರೆದಿದ್ದೇನೆ, ತಪ್ಪಿದ್ದರೆ ತಿದ್ದಿ.

‘ರೆಸ್ಪೆಕ್ಟೆಡ್ ಮಿಸ್, ಮೈ ಸನ್ ಹ್ಯಾಸ್ ಟ್ರಬಲ್ ಟು ಸೀ ದಿ ಬೋರ್ಡ್. ಹಿ ವಿಲ್ ಗೆಟ್ ಸ್ಪೆಕ್ಸ್ ಆನ್ ಸ್ಯಾಟರ್ಡೇ. ಪ್ಲೀಸ್ ಲೆಟ್ ಹಿಮ್ ಸಿಟ್ ಇನ್ ಫ್ರಂಟ್. ಸಾರಿ ಫಾರ್ ದಿ ಟ್ರಬಲ್.’

ಶಿವಮೊಗ್ಗ, ನಿವೃತ್ತ ಇಂಗ್ಲಿಷ್ ಮೇಷ್ಟ್ರು

‘ಟು ಸೀ’ ತೆಗೆದು ‘ಸೀಯಿಂಗ್’ ಮಾಡಿ. ಮಿಕ್ಕಿದ್ದು ಒಂದಕ್ಷರ ಮುಟ್ಟಬೇಡಿ.

ಅರಸೀಕೆರೆ, ಮೋಟರ್ ವೈಂಡಿಂಗ್ ಅಂಗಡಿ

ತಿದ್ದಿದೆ ಸರ್. ಸಹಿ ಹಾಕಿ ಬ್ಯಾಗಿನಲ್ಲಿ ಇಟ್ಟೆ.